ಕಾಲಿನ ಭಾರ ಹೊತ್ತ ಭುಜಗಳು: ಅಕ್ಕಿಆಲೂರು ಸೀಮೆಯಲ್ಲಿ ಬೆನ್ನುಹುರಿ ಗಾಯ ಮತ್ತು ಸ್ನಾಯುನೋವಿನ ಚರಿತ್ರೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಊರೂರುಗಳಲ್ಲಿ, ಗುಡಿಯ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ವೀರಗಲ್ಲುಗಳು ಈ ಸೀಮೆಯ ಚರಿತ್ರೆಗೆ ಮುಖ್ಯ ಆಕರಗಳಾಗಿವೆ. ಊರಿನ ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವರು, 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿನ ಕೋಟೆಗೆ ಮುತ್ತಿಗೆ ಹಾಕಿದಾಗ ಕದಂಬರ ಪರವಾಗಿ ಕಾದಿ ಬಿದ್ದವರು, ಹೀಗೆ ಸತ್ತವರ ಹೆಸರು ಮತ್ತು ಕಾಲಗಳು ಕಲ್ಲಿನಲ್ಲಿ ಉಳಿದಿವೆ. ಅದೇ ಕಾಳಗದಲ್ಲಿ ಕುದುರೆಯಿಂದ ಅಥವಾ ಕೋಟೆಯ ಗೋಡೆಯಿಂದ ಬಿದ್ದು, ಬೆನ್ನು ಮುರಿದು, ಸಾಯದೆ ಮನೆಗೆ ಬಂದವರಿಗೆ ಮಾತ್ರ ಕಲ್ಲು ನೆಡುವ ಪದ್ಧತಿ ಇರಲಿಲ್ಲ. ಬದುಕುಳಿದ ಗಾಯಾಳುವಿನ ಚರಿತ್ರೆ ಶಾಸನಗಳಲ್ಲಿ ಸಿಗುವುದಿಲ್ಲವಾದ್ದರಿಂದ, ಅದನ್ನು ವೈದ್ಯಗ್ರಂಥಗಳಿಂದ, ಆಸ್ಪತ್ರೆಗಳ ಸ್ಥಾಪನೆಯ ದಾಖಲೆಗಳಿಂದ, ಹಬ್ಬ ಮತ್ತು ಬೇಸಾಯದ ರೂಢಿಗಳಿಂದ, ಮನೆ ಕಟ್ಟುವ ಕ್ರಮದಿಂದ ಕೂಡಿಸಿಕೊಳ್ಳಬೇಕಾಗುತ್ತದೆ. ಆ ಚರಿತ್ರೆಯಲ್ಲೂ ಅತಿ ಕಡಿಮೆ ಗಮನ ಪಡೆದ ಭಾಗವೆಂದರೆ ನೋವಿನದು, ಅದರಲ್ಲಿಯೂ ಸ್ನಾಯುಗಳ ನೋವಿನದು.

ಬೆನ್ನುಹುರಿ ಎಂದರೆ ಮಿದುಳಿನಿಂದ ಹೊರಟು ಬೆನ್ನೆಲುಬಿನ ಮಣಿಗಳ ನಡುವಿನ ಕೊಳವೆಯಲ್ಲಿ ಸೊಂಟದವರೆಗೆ ಇಳಿಯುವ ನರಗಳ ಹುರಿ. ಮಣಿ ಮುರಿದು ಅಥವಾ ಸರಿದು ಈ ಹುರಿಗೆ ಪೆಟ್ಟಾದರೆ, ಪೆಟ್ಟಾದ ಜಾಗದಿಂದ ಕೆಳಗಿನ ಚಲನೆ, ಸ್ಪರ್ಶಜ್ಞಾನ, ಮಲಮೂತ್ರಗಳ ಹಿಡಿತ ಪೂರ್ಣವಾಗಿಯೋ ಭಾಗಶಃವೋ ತಪ್ಪಿಹೋಗುತ್ತವೆ. ಪೆಟ್ಟು ಕತ್ತಿನಲ್ಲಾದರೆ ಕೈಕಾಲು ನಾಲ್ಕೂ, ಎದೆ ಅಥವಾ ಸೊಂಟದ ಮಟ್ಟದಲ್ಲಾದರೆ ಕಾಲುಗಳು ನಿಶ್ಶಕ್ತವಾಗುತ್ತವೆ. ಕ್ರಿಸ್ತಪೂರ್ವ ಸುಮಾರು 1600ರ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ವೈದ್ಯಲೇಖದಲ್ಲಿ ವಿವರಿಸಲಾದ 48 ಪ್ರಕರಣಗಳಲ್ಲಿ, ಕತ್ತಿನ ಮಣಿ ಸರಿದು ತನ್ನ ಕೈಕಾಲುಗಳ ಅರಿವನ್ನೇ ಕಳೆದುಕೊಂಡವನ ವಿವರವೂ ಇದ್ದು, ಅದು ಚಿಕಿತ್ಸೆಗೆ ಒಳಪಡಿಸಬಾರದ ಬೇನೆಯೆಂಬ ತೀರ್ಪನ್ನು ಆ ಲೇಖ ಕೊಡುತ್ತದೆ. ಭಾರತದಲ್ಲಿ ಸುಶ್ರುತಸಂಹಿತೆಯ ಭಗ್ನಚಿಕಿತ್ಸೆಯ ಅಧ್ಯಾಯವು ಕಾಲು, ಸೊಂಟ, ಬೆನ್ನುಗಳ ಮುರಿತಕ್ಕೆ ‘ಕಪಾಟಶಯನ’ವನ್ನು, ಅಂದರೆ ಗಾಯಾಳುವನ್ನು ಬಾಗಿಲ ಹಲಗೆಯಂಥ ಗಟ್ಟಿ ಹಾಸಿನ ಮೇಲೆ ಮಲಗಿಸಿ, ಗೂಟಗಳಿಗೆ ಕಟ್ಟಿ ಅಲುಗದಂತೆ ಇರಿಸುವ ಕ್ರಮವನ್ನು ಹೇಳುತ್ತದೆ. ಮುರಿದ ಬೆನ್ನನ್ನು ಬಗ್ಗಿಸಬಾರದೆಂಬ ಈ ತಿಳಿವಳಿಕೆ ಗ್ರಂಥಗಳಲ್ಲಿ ಉಳಿದರೂ ಹೊಲ, ಕಣ, ಜಾತ್ರೆಗಳ ವರೆಗೆ ಇಳಿದು ಬರಲಿಲ್ಲವೆಂಬುದು ಮುಂದಿನ ಅನೇಕ ದುಃಖಗಳಿಗೆ ಮೂಲವಾಯಿತು.

ಅಕ್ಕಿಆಲೂರು ಹಾನಗಲ್ಲ ತಾಲ್ಲೂಕಿನ, ಅರೆಮಲೆನಾಡಿನ ಸೆರಗಿನಲ್ಲಿರುವ ಊರು. ಮಳೆಯನ್ನೂ ಕೆರೆಗಳನ್ನೂ ಧರ್ಮಾ ಕಾಲುವೆಯನ್ನೂ ನಂಬಿದ ಭತ್ತ, ಅದರ ಪಕ್ಕಕ್ಕೆ ಮಾವು, ತೆಂಗು, ಅಡಿಕೆ, ಈಚೆಗೆ ವ್ಯಾಪಕವಾಗಿ ಹರಡಿದ ಗೋವಿನಜೋಳ ಈ ಭಾಗದ ಬೆಳೆಗಳು. ಇಂಥ ಬೇಸಾಯದಲ್ಲಿ ಬೆನ್ನಿಗೆ ಪೆಟ್ಟಾಗುವ ಸಂದರ್ಭಗಳು ಬೇಸಾಯದಷ್ಟೇ ಹಳೆಯವು: ಮರ ಹತ್ತಿ ಬೀಳುವುದು, ಬಣವೆ ಒಟ್ಟುವಾಗ ಜಾರುವುದು, ಹಂಚು ಹೊದಿಸುವಾಗ ಮಾಡಿನಿಂದ ಉರುಳುವುದು, ತುಂಬಿದ ಚಕ್ಕಡಿ ಮಗುಚುವುದು, ಭತ್ತದ ಚೀಲ ಹೊತ್ತು ಹಲಗೆ ಏರುವ ಹಮಾಲನ ಕಾಲು ತಪ್ಪುವುದು. ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ, ಪುಣೆ-ಬೆಂಗಳೂರು ಹೆದ್ದಾರಿ ಶಿಗ್ಗಾವಿ ಮತ್ತು ಬಂಕಾಪುರಗಳ ಬದಿಯಲ್ಲಿ ನಾಲ್ಕು ಪಥಗಳಾಗಿ ಅಗಲಗೊಂಡ ಮೇಲೆ, ಪೆಟ್ಟಿನ ವೇಗವೂ ತೀವ್ರತೆಯೂ ಹೆಚ್ಚಿದವು.

ಇವುಗಳ ಜೊತೆಗೆ ಈ ಸೀಮೆಗೆ ವಿಶಿಷ್ಟವಾದ ಹೋರಿ ಬೆದರಿಸುವ ಹಬ್ಬವನ್ನು ಸೇರಿಸಬೇಕು. ದೀಪಾವಳಿಯ ಬಲಿಪಾಡ್ಯಮಿಗೆ ಆರಂಭವಾಗಿ ಮುಂದಿನ ಕೆಲವು ತಿಂಗಳು ಒಂದಾದ ಮೇಲೊಂದು ಊರಿನಲ್ಲಿ ನಡೆಯುವ ಈ ಸ್ಪರ್ಧೆಯಲ್ಲಿ, ವರ್ಷವಿಡೀ ಮೇಯಿಸಿ ಮುದ್ದಿನಿಂದ ಸಾಕಿದ ಹೋರಿಗೆ ಜೂಲ ಹೊದಿಸಿ, ಕೊಂಬುಗಳನ್ನು ಸಿಂಗರಿಸಿ, ಕೊರಳಿಗೆ ಕೊಬ್ಬರಿ ಗಿಟುಕುಗಳ ಹಾರ ಹಾಕಿ, ಜನರು ಎರಡೂ ಕಡೆ ಕಿಕ್ಕಿರಿದ ಅಖಾಡದಲ್ಲಿ ಓಡಿಸುತ್ತಾರೆ. ಓಡುವ ಹೋರಿಯ ಮೇಲೆರಗಿ ಕೊಬ್ಬರಿ ಹರಿದುಕೊಂಡವನು ಶೂರ, ಯಾರ ಕೈಗೂ ಸಿಗದೆ ಪಾರಾದ ಹೋರಿ ಊರಿಗೆ ಹೆಮ್ಮೆ. ಹಾನಗಲ್ಲ, ಹಿರೇಕೆರೂರು, ಬ್ಯಾಡಗಿ ತಾಲ್ಲೂಕುಗಳಿಂದ ನೆರೆಯ ಶಿಕಾರಿಪುರ, ಸೊರಬಗಳ ವರೆಗೆ ಹಬ್ಬಿರುವ ಈ ಆಚರಣೆಯಲ್ಲಿ ರೈತನಿಗೂ ದನಕ್ಕೂ ಇರುವ ನಂಟಿನ ಗಾಢತೆ ಕಾಣುತ್ತದೆ. ತುರುಗೋಳಿನ ವೀರಗಲ್ಲುಗಳ ನಾಡಿನಲ್ಲಿ ದನದ ಸುತ್ತ ಶೌರ್ಯದ ಕಲ್ಪನೆ ಬೆಳೆದದ್ದು ಸಹಜವೇ ಆಗಿದೆ. ಆದರೆ ಕೊಂಬಿಗೆ ಸಿಕ್ಕು ಎಸೆಯಲ್ಪಡುವುದು, ನೂಕುನುಗ್ಗಲಿನಲ್ಲಿ ತುಳಿತಕ್ಕೊಳಗಾಗುವುದು, ನೋಡಲು ಹತ್ತಿದ ಗೋಡೆ ಅಥವಾ ಮರದಿಂದ ಬೀಳುವುದು ಈ ಹಬ್ಬದ ಹಂಗಾಮಿನಲ್ಲಿ ಮತ್ತೆ ಮತ್ತೆ ಸಂಭವಿಸುತ್ತ ಬಂದಿವೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದ್ದು, 2017ರಲ್ಲಿ ಕರ್ನಾಟಕ ವಿಧಾನಮಂಡಲ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ ಮತ್ತು ಎತ್ತುಗಳ ಓಟಕ್ಕೆ ಅವಕಾಶ ಕೊಟ್ಟಿದ್ದು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು, ಈ ಎಲ್ಲ ಘಟ್ಟಗಳಲ್ಲೂ ಚರ್ಚೆ ಪ್ರಾಣಿಯ ಹಿಂಸೆ ಮತ್ತು ಸಂಸ್ಕೃತಿಯ ಹಕ್ಕು ಎಂಬೆರಡು ಕಂಬಗಳ ನಡುವೆಯೇ ನಡೆಯಿತು. ಅಖಾಡದಲ್ಲಿ ಬಿದ್ದ ಮನುಷ್ಯನ ಬೆನ್ನಿಗೆ ಅದರಲ್ಲಿ ಸಿಕ್ಕ ಜಾಗ ಬಹಳ ಕಿರಿದು. ಬಿದ್ದವನನ್ನು ಗೆಳೆಯರು ಕಂಕುಳಿಗೆ ಕೈಹಾಕಿ ಎತ್ತಿ, ಬೈಕಿನ ನಡುವೆ ಕೂರಿಸಿಕೊಂಡು ಒಯ್ಯುವುದು ಪ್ರೀತಿಯಿಂದ ಮಾಡಿದ ಕೆಲಸವೇ ಆದರೂ, ಮುರಿದ ಮಣಿ ಆ ಬಗ್ಗುವಿಕೆಯಲ್ಲಿ ಇನ್ನಷ್ಟು ಸರಿದು ಅರೆಬರೆ ಉಳಿದಿದ್ದ ಬೆನ್ನುಹುರಿಯನ್ನು ಪೂರ್ತಿ ಜಜ್ಜಿಬಿಡಬಹುದು. ಕತ್ತನ್ನೂ ಬೆನ್ನನ್ನೂ ಒಂದೇ ಸರಳರೇಖೆಯಲ್ಲಿ ಹಿಡಿದು, ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕೆಂಬ ಇಂದಿನ ತುರ್ತುಚಿಕಿತ್ಸೆಯ ನಿಯಮವು ಕಪಾಟಶಯನದ ತತ್ತ್ವಕ್ಕೆ ಹೊರತಾದುದಲ್ಲ.

ಹಳೆಯ ಕಾಲದಲ್ಲಿ ಪೆಟ್ಟಾದವರು ಮೊದಲು ಹೋಗುತ್ತಿದ್ದುದು ಎಲುಬು ಕಟ್ಟುವವರ ಬಳಿಗೆ. ಬಿದಿರಿನ ದಬ್ಬೆ, ಬಟ್ಟೆ, ಗಿಡಮೂಲಿಕೆಯ ಲೇಪಗಳಿಂದ ಕೈಕಾಲಿನ ಮುರಿತವನ್ನು ಕೂಡಿಸುವಲ್ಲಿ ಅವರಲ್ಲಿ ಹಲವರು ನುರಿತವರಾಗಿದ್ದರು. ಆದರೆ ಬೆನ್ನುಹುರಿ ಎಲುಬಿನಂತೆ ಕೂಡಿಕೊಳ್ಳುವ ವಸ್ತುವಲ್ಲವಾದ್ದರಿಂದ ಅಲ್ಲಿ ಅವರ ಕೈಚಳಕಕ್ಕೆ ಅವಕಾಶವಿರಲಿಲ್ಲ. ನೋವಿಗೆ ಎಣ್ಣೆ ತಿಕ್ಕುವುದು, ಉಪ್ಪಿನ ಗಂಟಿನಿಂದ ಅಥವಾ ಕಾಯಿಸಿದ ಇಟ್ಟಿಗೆಯಿಂದ ಕಾವು ಕೊಡುವುದು, ಕೊನೆಗೆ ಬರೆ ಎಳೆಯುವುದು ಮನೆಮನೆಯಲ್ಲಿ ನಡೆಯುತ್ತಿದ್ದ ಉಪಚಾರಗಳು. ಇವುಗಳಲ್ಲಿ ಎಣ್ಣೆಯ ಮರ್ದನ ಹೆಗಲಿಗೂ ಕತ್ತಿಗೂ ಹಿತವಾದುದೇ. ಕಾವು ಮಾತ್ರ ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಅಪಾಯ, ಏಕೆಂದರೆ ಸುಡುತ್ತಿರುವುದು ಗಾಯಾಳುವಿಗೆ ತಿಳಿಯುವುದೇ ಇಲ್ಲ, ಹಾಗೆ ಸುಟ್ಟ ಚರ್ಮ ಮಾಯಲು ತಿಂಗಳುಗಳು ಬೇಕಾಗುತ್ತವೆ.

ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗದ ಅನುಕೂಲಸ್ಥರು ಕಠಿಣ ಕಾಯಿಲೆಗಳಿಗೆ ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಗೆ, ಅದಕ್ಕೂ ಮೀರಿದರೆ ವಿಲಿಯಂ ವಾನ್ಲೆಸ್ 1894ರಲ್ಲಿ ಆರಂಭಿಸಿದ ಮಿರಜಿನ ಆಸ್ಪತ್ರೆಗೆ ಹೋಗುತ್ತಿದ್ದರು; ಉತ್ತರ ಕರ್ನಾಟಕದಲ್ಲಿ ಮಿರಜೆಂಬ ಹೆಸರು ಬಹುಕಾಲ ಕೊನೆಯ ಆಸರೆಯ ಹೆಸರಾಗಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಮೇಲೆ ಆ ಆಸರೆ ಹತ್ತಿರವಾಯಿತು. ಆದರೂ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಬೆನ್ನುಹುರಿಗೆ ಪೂರ್ಣ ಪೆಟ್ಟಾದವರು ಜಗತ್ತಿನ ಎಲ್ಲಿಯೂ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಆದ ಹಾಸಿಗೆ ಹುಣ್ಣು ಮತ್ತು ಮೂತ್ರಕೋಶದ ಸೋಂಕು ಕೆಲವೇ ತಿಂಗಳುಗಳಲ್ಲಿ ಅವರನ್ನು ಕೊಂದುಹಾಕುತ್ತಿದ್ದವು. ಸಾವು ಅಷ್ಟು ಬೇಗ ಬರುತ್ತಿದ್ದಾಗ ನೋವಿನ ವಿಚಾರ ಪ್ರತ್ಯೇಕವಾಗಿ ಯಾರ ಗಮನಕ್ಕೂ ಬಾರದಿದ್ದುದು ಆಶ್ಚರ್ಯವಲ್ಲ.

ಈ ಸ್ಥಿತಿ ಬದಲಾದದ್ದು 1944ರಲ್ಲಿ, ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ ನರತಜ್ಞ ಲುಡ್ವಿಗ್ ಗುಟ್‌ಮನ್ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಗಾಯಗೊಂಡ ಸೈನಿಕರ ವಿಭಾಗವನ್ನು ತೆರೆದಾಗ. ಹಗಲಿರುಳು ಎರಡೆರಡು ಗಂಟೆಗೊಮ್ಮೆ ಗಾಯಾಳುವಿನ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿ ಬರಿದುಮಾಡುವುದು, ಆಗತಾನೆ ಬಂದಿದ್ದ ಪೆನಿಸಿಲಿನ್ ಮೊದಲಾದ ಔಷಧಗಳಿಂದ ಸೋಂಕನ್ನು ತಡೆಯುವುದು, ಇವೇ ಅಲ್ಲಿನ ಸಾಧನಗಳು. ಅವುಗಳಲ್ಲಿ ಬಹುಪಾಲು ಬೇಡುತ್ತಿದ್ದುದು ಯಂತ್ರವನ್ನಲ್ಲ, ತಾಳ್ಮೆಯನ್ನು. ಬದುಕುಳಿದವರಿಗೆ ಗುಟ್‌ಮನ್ ಬಿಲ್ಲುಬಾಣ ಕೊಟ್ಟರು. 1948ರ ಜುಲೈ 29ರಂದು ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಭಾಗವಹಿಸಿದ ಬಿಲ್ಲುಗಾರಿಕೆಯ ಸ್ಪರ್ಧೆಯೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು. ಭಾರತದಲ್ಲಿ ಈ ದಾರಿಯನ್ನು ತೆರೆದವರು ವೆಲ್ಲೂರಿನ ಡಾ. ಮೇರಿ ವರ್ಗೀಸ್. 1954ರ ರಸ್ತೆ ಅಪಘಾತದಲ್ಲಿ ತಮ್ಮದೇ ಬೆನ್ನುಹುರಿಗೆ ಪೆಟ್ಟಾದ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರ ನಾಯಕತ್ವದಲ್ಲಿ 1966ರಲ್ಲಿ ಅಲ್ಲಿನ ಪುನರ್ವಸತಿ ಕೇಂದ್ರ ರೂಪುಗೊಂಡಿತು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಈಚಿನ ವರ್ಷಗಳಲ್ಲಿ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದ ಸೇವಾಧಾಮ ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆ ನೆಲೆಗಳಾದವು. ಈಗ ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಮಂದಿ ಬೆನ್ನುಹುರಿಯ ಗಾಯದೊಂದಿಗೆ ಬದುಕುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಬದುಕು ದೀರ್ಘವಾದಂತೆ ಹೊಸ ನೋವು ಕಾಣಿಸಿಕೊಂಡಿತು. 1979ರಲ್ಲಿ ಇಂಗ್ಲೆಂಡಿನ ನಿಕೋಲ್ಸ್ ಮತ್ತು ಸಂಗಡಿಗರು ಬೆನ್ನುಹುರಿ ಗಾಯಾಳುಗಳನ್ನು ವಿಚಾರಿಸಿದಾಗ, ಉತ್ತರಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಭುಜದ ನೋವನ್ನು ಹೇಳಿಕೊಂಡರು. 1987ರಲ್ಲಿ ಅಮೆರಿಕದ ಮೂಳೆತಜ್ಞರು ಕುರ್ಚಿಯಿಂದ ಮಂಚಕ್ಕೆ ಮೈಯನ್ನು ಸಾಗಿಸುವ ಕ್ಷಣದಲ್ಲಿ ಭುಜದ ಕೀಲಿನೊಳಗಿನ ಒತ್ತಡವನ್ನು ಅಳೆದು, ಅದು ರಕ್ತನಾಳದೊಳಗಿನ ಒತ್ತಡಕ್ಕಿಂತ ಬಹಳ ಹೆಚ್ಚಿರುವುದನ್ನು ತೋರಿಸಿದರು. ಅಂದರೆ ಆ ಕ್ಷಣದಲ್ಲಿ ಅಲ್ಲಿನ ಸ್ನಾಯುರಜ್ಜುಗಳಿಗೆ ರಕ್ತ ಸರಿಯಾಗಿ ತಲಪುವುದೇ ಕಷ್ಟ. ಕಾರಣ ದೇಹರಚನೆಯಲ್ಲಿಯೇ ಇದೆ. ಸೊಂಟದ ಕೀಲು ಆಳವಾದ ಗುಳಿಯಲ್ಲಿ ಕುಳಿತಿದ್ದು ಮೈಭಾರ ಹೊರಲು ತಕ್ಕುದಾಗಿದೆ. ಭುಜದ ಕೀಲಿನ ಗುಳಿ ತೀರ ಆಳವಿಲ್ಲದ್ದು, ಅದನ್ನು ನಾಲ್ಕು ಸಣ್ಣ ಸ್ನಾಯುಗಳ ಪಟ್ಟಿ ಸುತ್ತಲಿಂದ ಹಿಡಿದುಕೊಂಡಿರುತ್ತದೆ. ಕೈಚಾಚಲು, ಎತ್ತಲು, ತಿರುಗಿಸಲು ಒದಗುವ ಕೀಲು ಅದು. ಕಾಲುಗಳು ನಿಂತುಹೋದ ದಿನದಿಂದ ದಿನಕ್ಕೆ ಹತ್ತಾರು ಬಾರಿ ಇಡೀ ಮೈಯನ್ನು ಎತ್ತುವ ಕೆಲಸ ಈ ಸಣ್ಣ ಸ್ನಾಯುಗಳ ಪಾಲಿಗೆ ಬರುತ್ತದೆ. ಅವು ಸವೆದು, ಊದಿ, ಹರಿಯುತ್ತವೆ; ಕೈ ಮೇಲೆತ್ತಿದಾಗ ಚುಚ್ಚುವ, ರಾತ್ರಿ ಆ ಮಗ್ಗುಲಾಗಿ ಮಲಗಿದಾಗ ಹೆಚ್ಚುವ ನೋವು ಇದರ ಗುರುತು. ಬೇರೆಯವರಿಗೆ ಭುಜ ನೊಂದರೆ ಕೈಗೆ ವಿಶ್ರಾಂತಿ ಕೊಡಿರೆಂದು ಹೇಳಬಹುದು. ಇವರಿಗೆ ಆ ಮಾತು ಹೇಳುವುದೆಂದರೆ ನಡೆಯುವುದನ್ನು ನಿಲ್ಲಿಸಿರೆಂದು ಹೇಳಿದಂತೆಯೇ ಸರಿ.

ಈ ಅಧ್ಯಯನಗಳೆಲ್ಲ ಮಂಚ, ಕುರ್ಚಿ, ಸಪಾಟಾದ ರಸ್ತೆಗಳಿರುವ ದೇಶಗಳಲ್ಲಿ ನಡೆದವು. ಅಕ್ಕಿಆಲೂರಿನ ಸುತ್ತಿನ ಹಳ್ಳಿಗಳಲ್ಲಿ ಬದುಕು ಸಾಗುವುದು ನೆಲದ ಮೇಲೆ. ಊಟಕ್ಕೆ, ಮಾತಿಗೆ, ಕಾಳು ಹಸನು ಮಾಡುವುದಕ್ಕೆ, ರೊಟ್ಟಿ ಬಡಿಯುವುದಕ್ಕೆ, ಮಲಗುವುದಕ್ಕೆ ನೆಲವೇ ಜಾಗ. ಹಳೆಯ ಮನೆಗಳಲ್ಲಿ ದನ ಕಟ್ಟುವ ಜಾಗಕ್ಕಿಂತ ಪಡಸಾಲೆ ಎತ್ತರ, ಬೀದಿಗಿಂತ ಮುಂಕಟ್ಟೆ ಎತ್ತರ, ಬಾಗಿಲು ಬಾಗಿಲಿಗೂ ಹೊಸ್ತಿಲು. ಬಚ್ಚಲು ಒಂದು ಮೂಲೆಗೆ, ಶೌಚ ಬಹುಕಾಲ ಬಯಲಿನಲ್ಲಿ, ಈಗ ಕಟ್ಟಿಸಿಕೊಂಡಿರುವ ಶೌಚಾಲಯಗಳೂ ಬಹುಪಾಲು ಕುಕ್ಕರಗಾಲಿನವು. ಇಂಥ ಮನೆಯಲ್ಲಿ ಬೆನ್ನುಹುರಿ ಗಾಯಾಳು ಅಂಗೈಯೂರಿ ಮೈಯನ್ನು ಎತ್ತೆತ್ತಿ ಸರಿಯುತ್ತಾನೆ. ನೆಲದಿಂದ ಗಾಲಿಕುರ್ಚಿಗೆ ಏರುವುದು ಭುಜಕ್ಕೆ ಬೀಳುವ ಹೊರೆಗಳಲ್ಲೆಲ್ಲ ಹಿರಿದು. ಮಂಚದಿಂದ ಕುರ್ಚಿಗೆ ಸರಿಯುವುದು ಅದಕ್ಕೆ ಹೋಲಿಸಿದರೆ ಹಗುರ. ಹೆಣ್ಣುಮಕ್ಕಳಿಗಂತೂ ಒಲೆಯ ಮುಂದಿನ ಕೆಲಸ, ನೀರಿನ ಕೊಡ, ಎಳೆಗೂಸು ಯಾವುದೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಈ ಸೀಮೆಯ ಗಾಯಾಳುವಿನ ಭುಜನೋವಿಗೆ ಮನೆ ಕಟ್ಟುವ ರೂಢಿಯೂ ಒಂದು ಕಾರಣವೆಂದು ಹೇಳುವುದರಲ್ಲಿ ಅತಿಶಯವಿಲ್ಲ.

ಸ್ನಾಯುನೋವಿನ ಎರಡನೆಯ ಬಗೆ ಸೆಡೆತದ್ದು. ಮಿದುಳಿನ ಹತೋಟಿ ತಪ್ಪಿದ ಮೇಲೆ, ಪೆಟ್ಟಿನಿಂದ ಕೆಳಗಿರುವ ಬೆನ್ನುಹುರಿಯ ಭಾಗ ತಾನಾಗಿಯೇ ಸ್ನಾಯುಗಳಿಗೆ ಆದೇಶ ಕೊಡತೊಡಗುತ್ತದೆ. ಕಾಲು ಇದ್ದಕ್ಕಿದ್ದಂತೆ ಚಾಚಿ ಬಿಗಿಯುತ್ತದೆ, ಅಥವಾ ಮಂಡಿ ಮಡಚಿ ನಡುಗುತ್ತದೆ, ಹೊಟ್ಟೆಯ ಸ್ನಾಯು ಹಗ್ಗದಂತೆ ಗಟ್ಟಿಯಾಗುತ್ತದೆ. ಮನೆಯವರು ಇದನ್ನು ಕಾಲಿಗೆ ಶಕ್ತಿ ಮರಳುತ್ತಿರುವ ಸೂಚನೆಯೆಂದು ತಿಳಿದು ಹರಕೆ ಹೊತ್ತುಕೊಳ್ಳುವುದುಂಟು. ಅವರ ಆಸೆ ಅರ್ಥವಾಗುವಂಥದ್ದೇ. ಆದರೆ ಸೆಡೆತ ಒಮ್ಮೆಲೆ ಹೆಚ್ಚಾದರೆ ಅದು ಬಹುತೇಕ ಎಲ್ಲೋ ಒಂದು ಕಡೆ ತೊಂದರೆಯಿದೆಯೆಂಬ ಎಚ್ಚರಿಕೆ, ಅಂದರೆ ತುಂಬಿದ ಮೂತ್ರಕೋಶ, ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು, ಒಳಬೆಳೆದ ಉಗುರು ಇವುಗಳಲ್ಲಿ ಒಂದು. ದಿನವೂ ಕೀಲುಗಳನ್ನು ನಿಧಾನವಾಗಿ ಪೂರ್ಣ ಚಾಚಿ ಮಡಚುವುದು ಇದಕ್ಕೆ ಮೊದಲ ಉಪಾಯ. 1960ರ ದಶಕದಲ್ಲಿ ಮೂರ್ಛೆರೋಗಕ್ಕೆಂದು ತಯಾರಾಗಿ ಆ ರೋಗಕ್ಕೆ ಹೆಚ್ಚು ಉಪಯೋಗವಾಗದ ಬ್ಯಾಕ್ಲೊಫೆನ್ ಎಂಬ ಔಷಧ ಸೆಡೆತವನ್ನು ಸಡಿಲಿಸುತ್ತದೆಂದು ಕಂಡುಬಂದು ಇಂದಿಗೂ ಬಳಕೆಯಲ್ಲಿದೆ. ಅದನ್ನು ವೈದ್ಯರ ಸಲಹೆಯಿಲ್ಲದೆ ಥಟ್ಟನೆ ನಿಲ್ಲಿಸುವುದು ಅಪಾಯ.

ಈ ಎರಡಕ್ಕೂ ಸೇರದ ಇನ್ನೊಂದು ನೋವಿದೆ. ಸ್ಪರ್ಶವೇ ತಿಳಿಯದ ಕಾಲಿನಲ್ಲಿ ಬೆಂಕಿಯ ಉರಿ, ವಿದ್ಯುತ್ತಿನ ಹೊಡೆತ, ಸೂಜಿ ಚುಚ್ಚಿದ ಅನುಭವ ಆಗುವುದಕ್ಕೆ ಕಾರಣ ಗಾಯಗೊಂಡ ನರವ್ಯೂಹ. ಸ್ನಾಯುಗಳ ಪಾತ್ರ ಅದರಲ್ಲಿಲ್ಲ. 2012ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಪ್ರಕಟಿಸಿದ ವರ್ಗೀಕರಣವು ಬೆನ್ನುಹುರಿ ಗಾಯಾಳುವಿನ ನೋವನ್ನು ಸ್ನಾಯು ಮತ್ತು ಎಲುಬಿನದು, ಒಳಾಂಗಗಳದು, ನರಗಳದು ಎಂದು ಬಿಡಿಸಿ ನೋಡಬೇಕೆಂದು ಹೇಳಿತು. ಇದು ಬರಿಯ ಪಾಂಡಿತ್ಯದ ವಿಂಗಡಣೆಯಲ್ಲ. ನರದ ಉರಿಗೆ ಸಾಧಾರಣ ನೋವಿನ ಗುಳಿಗೆ ಕೆಲಸ ಮಾಡುವುದಿಲ್ಲ, ಭುಜದ ನೋವಿಗೆ ನರದ ಔಷಧ ಬೇಕಾಗುವುದಿಲ್ಲ. ಎಲ್ಲವನ್ನೂ ‘ಮೈಕೈ ನೋವು’ ಎಂದು ಒಂದೇ ಗುಳಿಗೆಯಿಂದ ಮುಚ್ಚಿದಾಗ ವರ್ಷಗಟ್ಟಲೆ ನುಂಗಿದ ಆ ಗುಳಿಗೆಗಳು ಮೂತ್ರಪಿಂಡವನ್ನು ಕೆಡಿಸುತ್ತವೆ, ಅದೂ ಮೊದಲೇ ಮೂತ್ರಕೋಶ ದುರ್ಬಲವಾಗಿರುವವರಲ್ಲಿ.

ಸ್ನಾಯುಗಳ ಬಗ್ಗೆ ಈ ಸೀಮೆಗೆ ತನ್ನದೇ ಆದ ಒಂದು ವಿದ್ಯೆಯೂ ಇತ್ತು, ಅದು ಗರಡಿಮನೆಯದು. ಜಾತ್ರೆಯ ಜಂಗೀ ಕುಸ್ತಿಗೆ ಪೈಲವಾನರನ್ನು ತಯಾರಿಸುತ್ತಿದ್ದ ಉಸ್ತಾದರಿಗೆ ಯಾವ ಸಾಮಿನಿಂದ ಯಾವ ಸ್ನಾಯು ಹುರಿಗೊಳ್ಳುತ್ತದೆ, ದಣಿದ ಮೈಗೆ ಯಾವ ದಿಕ್ಕಿನಲ್ಲಿ ಮಾಲೀಸು ಮಾಡಬೇಕು, ಉಳುಕಿದ ರಟ್ಟೆಗೆ ಎಷ್ಟು ದಿನ ಬಿಡುವು ಕೊಡಬೇಕು ಎಂಬುದು ಕೈಗೇ ಗೊತ್ತಿತ್ತು. ದುಡಿಮೆ, ಮರ್ದನ, ಬಿಡುವು ಈ ಮೂರನ್ನೂ ಒಟ್ಟಿಗೆ ಕಂಡ ಆ ತಿಳಿವಳಿಕೆ ಗಾಲಿಕುರ್ಚಿಯವರ ಬಳಿಗೆ ಬಾರದೇ ಹೋದದ್ದು ನಷ್ಟ. ಆದರೆ ಅದನ್ನು ಹಾಗೆಯೇ ತರಲೂ ಬಾರದು. ದಂಡ ಹೊಡೆಯುವುದು ಎದೆ ಮತ್ತು ಭುಜದ ಮುಂಭಾಗವನ್ನು ಬಲಪಡಿಸುತ್ತದೆ. ಗಾಲಿ ತಳ್ಳುವವರಲ್ಲಿ ಆ ಭಾಗ ಆಗಲೇ ಅತಿಯಾಗಿ ದುಡಿದಿರುತ್ತದೆ. ಅವರಿಗೆ ಬೇಕಾದುದು ಹೆಗಲ ಹಿಂದಿನ, ಬೆನ್ನ ಮೇಲಣ ಸ್ನಾಯುಗಳ ಬಲ, ಅಂದರೆ ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಮೈಯ ಕಡೆಗೆ ಎಳೆದುಕೊಳ್ಳುವಂಥ ಸಾಮು, ಜೊತೆಗೆ ಎದೆಯ ಸ್ನಾಯುಗಳನ್ನು ಹಿಗ್ಗಿಸುವುದು.

ಸಾಧನಗಳ ಚರಿತ್ರೆಯಲ್ಲೂ ಭುಜದ ಪ್ರಶ್ನೆ ತಡವಾಗಿ ಬಂತು. ಕೇಂದ್ರ ಸರ್ಕಾರ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪಿಸಿದ ಅಲಿಮ್ಕೊ ಕಾರ್ಖಾನೆಯ ಗಾಲಿಕುರ್ಚಿಗಳೂ ಕೈಪೆಡಲಿನ ಮೂರು ಗಾಲಿಯ ಸೈಕಲ್ಲುಗಳೂ ಶಿಬಿರಗಳ ಮೂಲಕ ಹಳ್ಳಿಗಳಿಗೆ ಬಂದು, ಮನೆಯೊಳಗೇ ಉಳಿದಿದ್ದ ಅಸಂಖ್ಯ ಜನರನ್ನು ಸಂತೆಗೂ ಶಾಲೆಗೂ ಕರೆತಂದವು. ಆ ಉಪಕಾರ ದೊಡ್ಡದು. ಕೈಪೆಡಲು ತಿರುವುವುದು ಗಾಲಿಯ ಅಂಚು ತಳ್ಳುವುದಕ್ಕಿಂತ ಭುಜಕ್ಕೆ ಹಗುರವೆಂಬುದೂ ನಿಜ. ಆದರೆ ಎಲ್ಲರಿಗೂ ಒಂದೇ ಅಳತೆಯ ಭಾರವಾದ ಕುರ್ಚಿ, ಮಳೆಗಾಲದ ಕೆಸರುರಸ್ತೆ, ಏರುಗಟ್ಟೆ ಇವು ಕೂಡಿದಾಗ ಸಾಧನವೇ ನೋವನ್ನು ಹೆಚ್ಚಿಸುತ್ತದೆ. ಕೈಗಳ ಕಾರ್ಯಶಕ್ತಿಯನ್ನು ಉಳಿಸಿಕೊಳ್ಳುವ ಬಗ್ಗೆ 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಾರ್ಗದರ್ಶಿಯು ಹಗುರವಾದ, ಮೈಯಳತೆಗೆ ಹೊಂದಿಸಿದ ಕುರ್ಚಿ ಇರಬೇಕೆಂದೂ, ಗಾಲಿಯನ್ನು ಚಿಕ್ಕಚಿಕ್ಕದಾಗಿ ಒದ್ದಾಡಿ ತಳ್ಳದೆ ಉದ್ದವಾಗಿ ನಯವಾಗಿ ತಳ್ಳಬೇಕೆಂದೂ, ಮೈಯನ್ನು ಎತ್ತಿ ಸಾಗಿಸುವ ಸಂದರ್ಭಗಳನ್ನು ಆದಷ್ಟು ಕಡಿಮೆ ಮಾಡಬೇಕೆಂದೂ ಹೇಳಿತು. ಹಾಸಿಗೆ ಹುಣ್ಣು ತಪ್ಪಿಸಲು ಆಗಾಗ ಎರಡೂ ಕೈಯೂರಿ ಮೈಯನ್ನು ಮೇಲೆತ್ತಬೇಕೆಂದು ಹಿಂದಿನ ತಲೆಮಾರಿಗೆ ಕಲಿಸಲಾಗಿತ್ತು. ಚರ್ಮವನ್ನು ಉಳಿಸಿದ ಆ ಅಭ್ಯಾಸ ಭುಜವನ್ನು ಸವೆಸಿತೆಂದು ತಿಳಿದ ಮೇಲೆ, ಮುಂದಕ್ಕೂ ಪಕ್ಕಕ್ಕೂ ಬಾಗಿ ಒತ್ತಡ ಬಿಡಿಸಿಕೊಳ್ಳುವ ಕ್ರಮ ಅದರ ಜಾಗಕ್ಕೆ ಬಂದಿದೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದ ಮೇಲೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂದ ಮೇಲೆ, ಆಡಳಿ‍ತ ಜನರಿಗೆ ಮೊದಲಿಗಿಂತ ಹತ್ತಿರವಾಗಿದೆ. ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಈ ಹಣದಲ್ಲಿ ಕುರ್ಚಿಯ ಎತ್ತರಕ್ಕೆ ಸಮನಾದ ಒಂದು ಮಂಚ, ಎರಡರ ನಡುವೆ ಸರಿಯಲು ನುಣುಪಾದ ಒಂದು ಹಲಗೆ, ಹೊಸ್ತಿಲಿಗೆ ಇಳಿಜಾರು, ಕೂರುವ ಶೌಚಾಲಯ ಮತ್ತು ಗೋಡೆಗೆ ಹಿಡಿಕೆ ಮಾಡಿಸಿಕೊಡುವುದು ಊರಿನ ಬಡಗಿ ಮತ್ತು ಗೌಂಡಿಗಳ ಕೈಯಲ್ಲೇ ಆಗುವ ಕೆಲಸ. ಅದರಿಂದ ಉಳಿಯುವುದು ಒಬ್ಬ ಮನುಷ್ಯನ ಎರಡು ಭುಜಗಳು, ಅಂದರೆ ಅವನ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ಸ್ವಾತಂತ್ರ್ಯ. ಅಕ್ಕಿಆಲೂರು ಇಂದು ನಾಡಿನಲ್ಲಿ ರಕ್ತದಾನಿಗಳ ಊರೆಂದು ಹೆಸರಾಗಿದೆ. ಕಾಣದ ಜೀವಕ್ಕೆ ರಕ್ತ ಕೊಡಲು ತರುಣರನ್ನು ಒಗ್ಗೂಡಿಸಿದ ಊರಿಗೆ, ಹೋರಿ ಅಖಾಡದ ಬದಿಯಲ್ಲಿ ಹಲಗೆಯ ಸ್ಟ್ರೆಚರ್ ಮತ್ತು ಅದನ್ನು ಬಳಸಬಲ್ಲ ನಾಲ್ವರನ್ನು ನಿಲ್ಲಿಸುವುದು, ಮನೆಯಲ್ಲಿ ಮಲಗಿರುವ ಗಾಯಾಳುಗಳ ಬಾಗಿಲಿಗೆ ಹೋಗಿ ನೋವು ಎಲ್ಲಿ, ಯಾವ ಬಗೆಯದು ಎಂದು ವಿಚಾರಿಸುವುದು ಅಸಾಧ್ಯವಲ್ಲ. ಪಂಚಾಯಿತಿಗಳೂ ಹಬ್ಬದ ಸಮಿತಿಗಳೂ ಬರುವ ದೀಪಾವಳಿಯೊಳಗೆ ಈ ಎರಡು ಕೆಲಸಗಳನ್ನು ಕೈಗೆತ್ತಿಕೊಳ್ಳಬೇಕು.